ಎಂಟರ್ ಒತ್ತಿ ಒತ್ತಿ ಸೋತವರಿಗೆ: ಒಂದು ವರ್ಷ ಲಿಬ್ರೆಆಫೀಸ್ ರೈಟರ್ ಬಳಸಿದ ಮೇಲೆ

ಧಾರವಾಡದಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಟೈಪಿಂಗ್, ಸ್ಪೈರಲ್ ಬೈಂಡಿಂಗ್. ಕಾಲೇಜು ಹುಡುಗರ ಪ್ರಾಜೆಕ್ಟು, ಪಿಎಚ್‌ಡಿ ಥೀಸಿಸ್ಸು, ಅರ್ಜಿ, ಮದುವೆ ಬಯೋಡೇಟಾ ಎಲ್ಲಾ ಬರುತ್ತವೆ. ಪೆನ್ ಡ್ರೈವ್ ಹಾಕಿ ಫೈಲ್ ತೆರೆದ ಕೂಡಲೇ ನಾನು ಕಾಣದ ಗುರುತುಗಳನ್ನು ಕಾಣಿಸುವ ಕೀ ಒತ್ತುತ್ತೇನೆ. ವರ್ಡ್ ಆದರೆ ಕಂಟ್ರೋಲ್, ಶಿಫ್ಟ್, 8. ವರ್ಡ್ ಥರದ್ದೇ ಇನ್ನೊಂದು ಪ್ರೋಗ್ರಾಮ್ ಲಿಬ್ರೆಆಫೀಸ್ ರೈಟರ್ ಆದರೆ ಕಂಟ್ರೋಲ್, ಎಫ್ 10. ಆಗ ಫೈಲಿನ ಬಂಡವಾಳ ಹೊರಗೆ ಬರುತ್ತದೆ. ಮುಂದಿನ ಅಧ್ಯಾಯ ಹೊಸ ಪುಟಕ್ಕೆ ಹೋಗಲಿ ಅಂತ ಯಾರೋ 23 ಸಲ ಎಂಟರ್ ಒತ್ತಿರುತ್ತಾರೆ. ಅಧ್ಯಾಯ ಆರಿದ್ದರೆ ಆರು ಕಡೆ ಇದೇ ಕಥೆ.

ನಾನೂ ಒಂದು ಕಾಲಕ್ಕೆ ಹಾಗೇ ಮಾಡಿದವಳು. ಅದಕ್ಕೇ ಬೈಯುವುದಿಲ್ಲ.

"ಅಕ್ಕಾರ, ಇಲ್ಲೊಂದು ಪೇಜ್ ಆ್ಯಡ್ ಮಾಡಿ ಕೊಡ್ರಿ" ಅಂತ ದಿನಕ್ಕೆ ನಾಲ್ಕು ಜನರಾದರೂ ಕೇಳುತ್ತಾರೆ. ಕೇಳುವುದು ಸಹಜ. ನೋಟ್‌ಬುಕ್ಕಿನಲ್ಲಿ ಹಾಳೆ ಇರುತ್ತದೆ, ಹೊಲಿಗೆ ಬಿಚ್ಚಿ ಇನ್ನೊಂದು ಸೇರಿಸಬಹುದು. ಆದರೆ ವರ್ಡ್ ಆಗಲಿ ರೈಟರ್ ಆಗಲಿ, ಫೈಲಿನೊಳಗೆ ಹಾಳೆ ಅನ್ನುವುದೇ ಇಲ್ಲ. ಒಳಗಿರುವುದು ಬಟ್ಟೆ ಅಂಗಡಿಯ ಥಾನಿನಂಥ ಉದ್ದನೆಯ ಬರಹ. ಕಾಗದದ ಅಳತೆ, ಮಾರ್ಜಿನ್, ಅಕ್ಷರದ ಗಾತ್ರ ನೋಡಿ ಪ್ರೋಗ್ರಾಮೇ ಅದನ್ನು ತುಂಡು ತುಂಡಾಗಿ ತೋರಿಸುತ್ತದೆ. ಅಕ್ಷರ ಒಂದು ಪಾಯಿಂಟ್ ದೊಡ್ಡದಾದರೆ ತುಂಡಾಗುವ ಜಾಗವೇ ಬದಲಾಗುತ್ತದೆ. ಹಾಗಿದ್ದ ಮೇಲೆ 23 ಎಂಟರ್ ಯಾರ ಮಾತು ಕೇಳುತ್ತವೆ? "ಇಲ್ಲಿ ಕತ್ತರಿ ಹಾಕು" ಅಂತ ಗುರುತು ಮಾಡಿ ಹೇಳಬೇಕು. ಅದೇ ಪೇಜ್ ಬ್ರೇಕ್. ಕಂಟ್ರೋಲ್ ಹಿಡಿದು ಎಂಟರ್ ಒತ್ತಿದರೆ ಆಯಿತು. ವರ್ಡ್, ರೈಟರ್, ಗೂಗಲ್ ಡಾಕ್ಸ್ ಮೂರರಲ್ಲೂ ಅದೇ ಕೀ. ಇಷ್ಟಕ್ಕೇ ಬಂದವರು ಇಲ್ಲಿಂದಲೇ ವಾಪಸ್ ಹೋಗಬಹುದು.

ಉಳಿದದ್ದು ರೈಟರ್ ಬಗ್ಗೆ. ಹೋದ ವರ್ಷದಿಂದ ಪುಸ್ತಕ ಮತ್ತು ಥೀಸಿಸ್ ಕೆಲಸವನ್ನೆಲ್ಲ ಅದರಲ್ಲೇ ಮಾಡುತ್ತಿದ್ದೇನೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು ಲಿಬ್ರೆಆಫೀಸ್. ಪೂರ್ತಿ ಉಚಿತ, ಅಂಗಡಿಗೆ ಹಾಕಿಕೊಂಡರೂ ಲೈಸೆನ್ಸಿನ ತಲೆನೋವಿಲ್ಲ. ನಾನು ಬಳಸಿದ್ದು 24.8. ಮೆನುಗಳನ್ನು ಕನ್ನಡದಲ್ಲೂ ಹಾಕಿಕೊಳ್ಳಬಹುದು. ನನಗೆ ಇಂಗ್ಲಿಷ್ ಮೆನುವೇ ರೂಢಿ, ಹಾಗೇ ಬಿಟ್ಟಿದ್ದೇನೆ.

ನಾನು ಇದಕ್ಕೆ ಬಂದದ್ದು ಒಬ್ಬ ನಿವೃತ್ತ ಮಾಸ್ತರರ ಕವನ ಸಂಕಲನದಿಂದ. 54 ಕವನ. ಸುಮಾರು ಹತ್ತು ವರ್ಷದ ಹಿಂದೆ ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ನುಡಿ ಅನ್ನುವ ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ, ಎ4 ಅಳತೆಯಲ್ಲಿ ಟೈಪ್ ಮಾಡಿಸಿದ್ದರು. ಪ್ರತಿ ಕವನವನ್ನೂ ಹೊಸ ಪುಟಕ್ಕೆ ತಳ್ಳಿದ್ದು ಎಂಟರ್‌ನಿಂದಲೇ. ಈಗ ಅದು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಆಗಬೇಕು, ಡೆಮಿ 1/8 ಅಳತೆಗೆ ಬರಬೇಕು. "ಅದೇನ್ ಬಿಡ್ರಿ, ಒಂದ್ ತಾಸಿನ ಕೆಲಸ" ಅಂದರು ಮಾಸ್ತರರು. ನಾನೂ ಹೂಂ ಅಂದೆ.

ಯೂನಿಕೋಡಿಗೆ ಬದಲಾಯಿಸಿದೆ. ನೋಟೊ ಸೆರಿಫ್ ಕನ್ನಡ ಅನ್ನುವ ಫಾಂಟ್ ಹಾಕಿದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ, ಸಾಲಿನ ಎತ್ತರ ಹೆಚ್ಚಾಯಿತು. ಮೇಲಿಂದ ಕಾಗದದ ಅಳತೆ ಐದೂವರೆಗೆ ಎಂಟೂವರೆ ಇಂಚು ಮಾಡಿದೆ. ಎರಡನೇ ಕವನದ ತಲೆಬರಹ ಪುಟದ ನಡುವೆ ಬಂದು ನಿಂತಿತು. ಐದನೆಯದರದ್ದು ಪುಟದ ಕೊನೇ ಸಾಲಿನಲ್ಲಿ. ಹನ್ನೊಂದನೆಯದರ ಹಿಂದೆ ಒಂದು ಪೂರ್ತಿ ಖಾಲಿ ಪುಟ. 54 ಕವನಗಳೂ ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ದಿಕ್ಕಿಗೊಂದು.

ಖಾಲಿ ಸಾಲುಗಳನ್ನು ಒಂದೇ ಏಟಿಗೆ ತೆಗೆಯೋಣ ಅಂದುಕೊಂಡೆ. ರೈಟರ್‌ನ ಹುಡುಕಿ ಬದಲಿಸುವ ಕಿಟಕಿ ಕಂಟ್ರೋಲ್ ಎಚ್ ಒತ್ತಿದರೆ ಬರುತ್ತದೆ. ಅದರಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಟಿಕ್ ಮಾಡಿ, ಹುಡುಕುವ ಜಾಗದಲ್ಲಿ ಟೊಪ್ಪಿಗೆ ಗುರುತು ಮತ್ತು ಡಾಲರ್ ಗುರುತು (^$) ಹಾಕಿ, ಬದಲಿಸುವ ಜಾಗ ಖಾಲಿ ಬಿಟ್ಟರೆ ಏನೂ ಇಲ್ಲದ ಪ್ಯಾರಾಗಳೆಲ್ಲ ಹೋಗುತ್ತವೆ. ಹೋದವು. ಆಮೇಲೆ ನೋಡುತ್ತೇನೆ, ಕವನದ ನುಡಿ ನುಡಿಗಳ ನಡುವಿನ ಖಾಲಿ ಸಾಲುಗಳೂ ಹೋಗಿವೆ! ನಾಲ್ಕು ನಾಲ್ಕು ಸಾಲಿನ ಪದ್ಯಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕಿರಾಣಿ ಅಂಗಡಿಯ ಪಟ್ಟಿ ಆಗಿದ್ದವು. ತಪ್ಪು ನನ್ನದೇ. ಅದು ಹೇಳಿದ್ದನ್ನೇ ಮಾಡಿತ್ತು. ಕಂಟ್ರೋಲ್ ಝಡ್ ಕಾಪಾಡಿತು. ಥೀಸಿಸ್‌ನಂಥ ಗದ್ಯಕ್ಕೆ ಈ ಉಪಾಯ ಬಂಗಾರ, ಪದ್ಯಕ್ಕೆ ಮಾತ್ರ ಕೈ ಹಚ್ಚಬೇಡಿ.

ಕೊನೆಗೆ ಒಂದು ಮಧ್ಯಾಹ್ನ ಶಟರ್ ಅರ್ಧ ಎಳೆದು ಕೂತು ಕೆಲಸವನ್ನು ಬುಡದಿಂದ ಮಾಡಿದೆ. ರೈಟರ್ ನನಗೆ ಇಷ್ಟವಾಗಿದ್ದು ಅವತ್ತೇ.

ವರ್ಡ್‌ನಲ್ಲಿ ಕಂಟ್ರೋಲ್ ಎಂಟರ್ ಒತ್ತಿದರೆ ಬರಹದ ನಡುವೆ ಒಂದು ಬ್ರೇಕ್ ಗುರುತು ಕೂರುತ್ತದೆ. ರೈಟರ್‌ನಲ್ಲಿ ಹಾಗಲ್ಲ. ಬ್ರೇಕ್ ಅನ್ನುವುದು ಮುಂದೆ ಬರುವ ಪ್ಯಾರಾದ ಗುಣ. "ನನ್ನ ಮೊದಲು ಪುಟ ಮುಗಿಸು" ಅಂತ ಆ ಪ್ಯಾರಾನೇ ಹೇಳುತ್ತದೆ. ವರ್ಡ್‌ನಲ್ಲೂ ಪ್ಯಾರಾ ಸೆಟ್ಟಿಂಗ್‌ನಲ್ಲಿ ಪೇಜ್ ಬ್ರೇಕ್ ಬಿಫೋರ್ ಅಂತ ಇದೇ ಸೌಲಭ್ಯ ಇದೆ. ಆದರೆ ನನ್ನ ಅಂಗಡಿಗೆ ಬರುವ ಫೈಲುಗಳಲ್ಲಿ ಅದನ್ನು ಬಳಸಿದವರನ್ನು ನಾನು ನೋಡಿಲ್ಲ. ರೈಟರ್‌ನಲ್ಲಿ ಎಫ್ 11 ಒತ್ತಿದರೆ ಸ್ಟೈಲ್‌ಗಳ, ಅಂದರೆ ಹೆಸರಿಟ್ಟು ಉಳಿಸಿದ ಸೆಟ್ಟಿಂಗ್‌ಗಳ ಪಟ್ಟಿ ಬರುತ್ತದೆ. ಅಲ್ಲಿ "ಕವನದ ತಲೆಬರಹ" ಅಂತ ಒಂದು ಸ್ಟೈಲ್ ಮಾಡಿದೆ. ಅದರ ಟೆಕ್ಸ್ಟ್ ಫ್ಲೋ ಅನ್ನುವ ಟ್ಯಾಬ್‌ನಲ್ಲಿ, ಮೊದಲು ಪೇಜ್ ಬ್ರೇಕ್ ಇರಲಿ ಅಂತ ಹಾಕಿದೆ. 54 ತಲೆಬರಹಗಳಿಗೆ ಅದೇ ಸ್ಟೈಲ್ ಕೊಟ್ಟೆ. ಮುಗೀತು. ಇನ್ನು ಕಾಗದದ ಅಳತೆ ಏನೇ ಮಾಡಿ, ಫಾಂಟ್ ಯಾವುದೇ ಹಾಕಿ, ಪ್ರತಿ ಕವನ ಹೊಸ ಪುಟದಲ್ಲೇ ಶುರು. ಮಾಸ್ತರರು ಮೂರು ಸಲ ಕವನಗಳನ್ನು ಹಿಂದೆ ಮುಂದೆ ಮಾಡಿಸಿದರು. ಬ್ರೇಕ್ ತಲೆಬರಹಕ್ಕೇ ಅಂಟಿಕೊಂಡಿದ್ದರಿಂದ ಕತ್ತರಿಸಿ ಅಂಟಿಸಿದಾಗ ಜೊತೆಗೇ ಹೋಯಿತು.

ನುಡಿಗಳದ್ದು ಇನ್ನೊಂದು ಕೆಲಸ. ಒಂದು ನುಡಿ ಅಂದರೆ ಒಂದು ಪ್ಯಾರಾ. ಅದರೊಳಗಿನ ಸಾಲುಗಳಿಗೆ ಶಿಫ್ಟ್ ಹಿಡಿದು ಎಂಟರ್. ಎರಡು ನುಡಿಗಳ ನಡುವಿನ ಅಂತರ ಖಾಲಿ ಸಾಲಿನಿಂದ ಬರಬಾರದು, ಸ್ಟೈಲ್‌ನಲ್ಲೇ ಪ್ಯಾರಾ ಕೆಳಗೆ ಇಷ್ಟು ಜಾಗ ಅಂತ ಇರಬೇಕು. ಜೊತೆಗೆ ಪ್ಯಾರಾ ಒಡೆಯಬಾರದು ಅನ್ನುವ ಆಯ್ಕೆ. ಆಗ ನಾಲ್ಕು ಸಾಲಿನ ನುಡಿಯಲ್ಲಿ ಮೂರು ಈ ಪುಟದಲ್ಲಿ, ಒಂದು ಆ ಪುಟದಲ್ಲಿ ಅಂತ ಆಗುವುದಿಲ್ಲ. ಕವನ ಓದುವವರಿಗೆ ಇದು ಎಷ್ಟು ಮುಖ್ಯ ಅಲ್ವಾ? ಇದಕ್ಕೆಲ್ಲ ಎರಡು ದಿನ ಹಿಡಿಯಿತು. ಆದರೆ ಈಗ ಯಾವುದೇ ಸಂಕಲನ ಬಂದರೂ ಅದೇ ಸ್ಟೈಲ್‌ಗಳು, ಅರ್ಧ ದಿನದ ಕೆಲಸ.

ಬ್ರೇಕ್ ಇರುವಲ್ಲಿ ರೈಟರ್ ಪುಟದ ನೆತ್ತಿಯ ಮೇಲೆ ಒಂದು ನೀಲಿ ಚುಕ್ಕೆ ಗೆರೆ ತೋರಿಸುತ್ತದೆ. ಮೌಸ್ ತಂದು ಕ್ಲಿಕ್ ಮಾಡಿದರೆ ಬ್ರೇಕ್ ಬದಲಿಸು, ಅಳಿಸು ಅನ್ನುವ ಸಣ್ಣ ಮೆನು ಬರುತ್ತದೆ. ಆ ಗೆರೆ ನೋಡಿದಾಗೆಲ್ಲ ನನಗೆ ಹಳೆಯ ಟೈಪಿಂಗ್ ಪ್ರೋಗ್ರಾಮ್ ವರ್ಡ್‌ಸ್ಟಾರ್ ನೆನಪಾಗುತ್ತದೆ. 1993ರಲ್ಲಿ ಹುಬ್ಬಳ್ಳಿಯ ಒಂದು ಕ್ಲಾಸಿನಲ್ಲಿ ಕಲಿತದ್ದು. ಹೊಸ ಪುಟ ಬೇಕಾದರೆ ಸಾಲಿನ ಶುರುವಿಗೆ ಚುಕ್ಕೆ ಇಟ್ಟು ಪಿ, ಎ ಅಂತ ಬರೆಯಬೇಕಿತ್ತು. ಪರದೆಗೆ ಅಡ್ಡ ಒಂದು ಗೆರೆ ಬರುತ್ತಿತ್ತು. ಪುಟ ಎಲ್ಲಿ ಮುರಿಯುತ್ತದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತಿತ್ತು. ನಡುವೆ ಬಂದ ಪ್ರೋಗ್ರಾಮುಗಳಲ್ಲಿ ಅದು ಮರೆಗೆ ಹೋಯಿತು, ನಾವು ಎಂಟರ್ ಕಲಿತೆವು.

ಪುಟದ ಸ್ಟೈಲ್ ಅನ್ನುವುದು ರೈಟರ್‌ನ ದೊಡ್ಡ ಗುಣ. ಕಷ್ಟವೂ ಅದೇ. ಪುಸ್ತಕದ ಮುಂದಿನ ಪುಟಗಳಿಗೆ, ಅಂದರೆ ಒಳರಕ್ಷಾಪುಟ, ಅರ್ಪಣೆ, ಮುನ್ನುಡಿ, ಕವಿಯ ಮಾತು, ಪರಿವಿಡಿ, ಇವಕ್ಕೆ ರೋಮನ್ ಅಂಕಿ ಬೇಕು. ಕವನಗಳು 1ರಿಂದ ಶುರುವಾಗಬೇಕು. ಇದಕ್ಕೆ ಬರೀ ಕಂಟ್ರೋಲ್ ಎಂಟರ್ ಸಾಲದು. ಇನ್ಸರ್ಟ್ ಮೆನುವಿನಲ್ಲಿ ಮೋರ್ ಬ್ರೇಕ್ಸ್, ಅದರಲ್ಲಿ ಮ್ಯಾನ್ಯುಯಲ್ ಬ್ರೇಕ್. ಅಲ್ಲಿ ಪೇಜ್ ಬ್ರೇಕ್ ಆರಿಸಿ, ಮುಂದಿನ ಪುಟದ ಸ್ಟೈಲ್ ಯಾವುದು ಅಂತ ಹೇಳಿ, ಪುಟದ ಸಂಖ್ಯೆ ಬದಲಿಸು ಅನ್ನುವುದನ್ನು ಟಿಕ್ ಮಾಡಿ 1 ಹಾಕಬೇಕು. ವರ್ಡ್‌ನಲ್ಲಿ ಇದೇ ಕೆಲಸಕ್ಕೆ ಲೇಔಟ್ ಟ್ಯಾಬ್‌ನ ಸೆಕ್ಷನ್ ಬ್ರೇಕ್. ಎರಡರ ತಲೆಯೂ ಬೇರೆ. ವರ್ಡ್ ರೂಢಿಯಾದವರಿಗೆ ರೈಟರ್ ಮೊದಲ ವಾರ ಅತ್ತೆ ಮನೆ ಥರ. ಎಲ್ಲಾ ಇದೆ, ಎಲ್ಲಿದೆ ಅಂತ ಗೊತ್ತಿಲ್ಲ. ಥೀಸಿಸ್ ನಡುವೆ ಒಂದು ಅಗಲದ ಕೋಷ್ಟಕಕ್ಕೆ ಪುಟ ಅಡ್ಡ ಮಾಡಬೇಕಾದರೂ ಇದೇ ದಾರಿ. ಮೊದಲೊಂದು ಬ್ರೇಕ್ ಹಾಕಿ ಲ್ಯಾಂಡ್‌ಸ್ಕೇಪ್ ಸ್ಟೈಲ್, ಕೋಷ್ಟಕ ಮುಗಿದ ಮೇಲೆ ಇನ್ನೊಂದು ಬ್ರೇಕ್ ಹಾಕಿ ಮಾಮೂಲಿ ಸ್ಟೈಲ್. ಎರಡನೆಯದನ್ನು ಮರೆತರೆ ಇಡೀ ಥೀಸಿಸ್ ಮಲಗುತ್ತದೆ.

ಕನ್ನಡದವರು ತಿಳಿದಿರಬೇಕಾದ ಒಂದು ವಿಷಯ ಇದೆ. ರೈಟರ್ ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವ ಗುಂಪಿನಲ್ಲಿ ಇಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್ ಮತ್ತು ಗಾತ್ರ, ಕನ್ನಡಕ್ಕೆ ಬೇರೆ. ಸ್ಟೈಲ್‌ನಲ್ಲಿ ಇಂಗ್ಲಿಷಿನ ಜಾಗದಲ್ಲಿ 12 ಹಾಕಿ ಕೂತರೆ ಕನ್ನಡ ಕದಲುವುದೇ ಇಲ್ಲ. ಟೂಲ್ಸ್‌ನ ಆಪ್ಶನ್ಸ್‌ಗೆ ಹೋಗಿ ಭಾಷೆಯ ಭಾಗದಲ್ಲಿ ಇದನ್ನು ಚಾಲೂ ಮಾಡಿ, ಕನ್ನಡ ಆರಿಸಿ. ಆಮೇಲೆ ಮುಂದಿನ ಕೆಲಸ. ಇದನ್ನು ಮೊದಲೇ ಮಾಡದಿದ್ದರೆ ಪುಟದ ಲೆಕ್ಕವೆಲ್ಲ ಕೊನೆಗೆ ಮತ್ತೆ ಏರುಪೇರು.

ವರ್ಡ್ ಫೈಲ್ ತಂದುಕೊಟ್ಟು ವರ್ಡ್ ಫೈಲೇ ವಾಪಸ್ ಬೇಕು ಅನ್ನುವವರ ಕೆಲಸವನ್ನು ನಾನು ರೈಟರ್‌ನಲ್ಲಿ ಮಾಡುವುದಿಲ್ಲ. ತೆರೆಯುತ್ತದೆ, ಉಳಿಸುತ್ತದೆ, ನಿಜ. ಆದರೆ ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟಗಳು ಜಾರುತ್ತವೆ. ಅದು ವರ್ಡ್‌ನಿಂದ ವರ್ಡ್‌ಗೆ ಹೋದರೂ ಜಾರುತ್ತದೆ ಅನ್ನಿ. ಎರಡು ಪುಟದ ಅರ್ಜಿಗೆ ಸ್ಟೈಲು ಗೀಲು ಏನೂ ಬೇಡ, ಇದ್ದದ್ದರಲ್ಲೇ ಮುಗಿಸಿ. ಗೂಗಲ್ ಡಾಕ್ಸ್‌ನಲ್ಲಿ ಈಗ ಪುಟವೇ ಇಲ್ಲದ ಪೇಜ್‌ಲೆಸ್ ರೂಪವೂ ಇದೆ. ಬೈಂಡಿಂಗ್ ಅಂಗಡಿಯವಳು ಅದಕ್ಕೆ ಏನು ಹೇಳಲಿ! ಪುಸ್ತಕ, ಥೀಸಿಸ್, ಸ್ಮರಣ ಸಂಚಿಕೆ ಆದರೆ ಮಾತ್ರ ರೈಟರ್ ಕಲಿಯುವ ಕಷ್ಟ ವಸೂಲು. ಐದಕ್ಕೆ ನಾಲ್ಕು ಕೊಡುತ್ತೇನೆ.

ಮಾಸ್ತರರ ಪುಸ್ತಕಕ್ಕೆ ಬರೋಣ. ಪ್ರೆಸ್ಸಿನವರು 16 ಪುಟಕ್ಕೆ ಒಂದು ಫಾರಂ ಅಂತ ಲೆಕ್ಕ ಹಿಡಿಯುತ್ತಾರೆ. 54 ಕವನಗಳಲ್ಲಿ 12 ಎರಡೆರಡು ಪುಟದವು, ಒಟ್ಟು 66. ಕವನಗಳಿಗೆ ಮೊದಲಿನ ಪುಟಗಳು 13. ಕೂಡಿದರೆ 79. ಇನ್ನೊಂದು ಸೇರಿದರೆ ಸರಿಯಾಗಿ 5 ಫಾರಂ ಅಂತ ಯೋಚಿಸುತ್ತಾ ಪಿಡಿಎಫ್ ಮಾಡಿದೆ. ಪಿಡಿಎಫ್‌ನಲ್ಲಿ ಆಗಲೇ 80 ಪುಟ! ಪರದೆಯ ಮೇಲೆ ಎಷ್ಟು ಎಣಿಸಿದರೂ 79. ಕೆಟ್ಟಿತೇನೋ ಅಂತ ಮತ್ತೆ ಮಾಡಿದೆ. ಮತ್ತೆ 80.

ಕೆಟ್ಟಿರಲಿಲ್ಲ. ಬೆಸ ಸಂಖ್ಯೆಯ ಪುಟ ಯಾವತ್ತೂ ಬಲಗಡೆ ಬರಬೇಕು ಅನ್ನುವುದು ಪುಸ್ತಕದ ರೂಢಿ, ರೈಟರ್ ಅದನ್ನು ಬಿಡುವುದಿಲ್ಲ. 13ನೆಯದು ಬಲಗಡೆ ಮುಗಿದಿದೆ, ಮುಂದೆ ಕವನದ 1ನೇ ಪುಟವೂ ಬಲಕ್ಕೇ ಬರಬೇಕು. ಹಾಗಾಗಿ ನಡುವೆ ತಾನೇ ಒಂದು ಖಾಲಿ ಪುಟ ಇಟ್ಟುಕೊಂಡಿತ್ತು. ಮಾಮೂಲಿ ನೋಟದಲ್ಲಿ ಅದು ಕಾಣುವುದಿಲ್ಲ. ಕೆಳಗಿನ ಪಟ್ಟಿಯ ಬಲಗಡೆ ಪುಸ್ತಕದ ನೋಟ ಇದೆ, ಅದನ್ನು ಒತ್ತಿದರೆ ಎಡ ಬಲ ಪುಟ ಜೋಡಿಯಾಗಿ ಬಂದು ಖಾಲಿ ಜಾಗ ಗೊತ್ತಾಗುತ್ತದೆ. ಪಿಡಿಎಫ್ ಮಾಡುವ ಕಿಟಕಿಯಲ್ಲಿ ತಾನಾಗಿ ಸೇರಿದ ಖಾಲಿ ಪುಟಗಳು ಇರಲಿ ಅನ್ನುವ ಟಿಕ್ ಇದೆ. ಪ್ರೆಸ್ಸಿಗೆ ಕಳಿಸುವಾಗ ಅದು ಬೇಕೇ ಬೇಕು. ಮೇಲ್‌ನಲ್ಲಿ ಓದಲು ಕಳಿಸುವಾಗ ಬೇಡ. ಎರಡೂ ಸಲ ನೋಡಿಕೊಳ್ಳಿ.

ನಾನು ಟೈಪಿಂಗಿಗೆ ಪುಟದ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವಳು. ಮಾಸ್ತರರು ಪ್ರಿಂಟ್ ಕೈಗೆ ತೆಗೆದುಕೊಂಡು ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಎಣಿಸಿದರು. ಮುನ್ನುಡಿ, ಪರಿವಿಡಿ ದಾಟಿದ ಮೇಲೆ ಕೈ ನಿಂತಿತು.

"ಏನವಾ, ಈ ಖಾಲಿ ಹಾಳಿಗೂ ರೊಕ್ಕ ಹಚ್ಚೀಯೇನು?"

"ಅದು ನಾ ಹಾಕಿದ್ದಲ್ರೀ ಸರ್, ಅದ ಹಾಕ್ಕೊಂಡೈತಿ."

ನಂಬಲಿಲ್ಲ. ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು, ಒಮ್ಮೆ ಕಂಪ್ಯೂಟರನ್ನು ನೋಡಿದರು. 79 ಪುಟದ ದುಡ್ಡು ಎಣಿಸಿ ಟೇಬಲ್ ಮೇಲಿಟ್ಟರು.