ಕಲ್ಪೆಟ್ಟದಿಂದ ತಾಮರಶ್ಶೇರಿ ಘಾಟಿಗೆ ಅರ್ಧ ದಿನದ ಬಾಡಿಗೆ ಕಾರು: ಅಪ್ಪನ ಜೊತೆ ಹೋಗಿ ಬಂದೆ

ನಮ್ಮಪ್ಪ 11 ವರ್ಷ ಗುಂಡ್ಲುಪೇಟೆಯಿಂದ ಕೋಯಿಕ್ಕೋಡಿಗೆ ತರಕಾರಿ ಲಾರಿ ಓಡಿಸಿದವರು. ಟೊಮೆಟೊ, ಎಲೆಕೋಸು ತುಂಬಿಕೊಂಡು ರಾತ್ರಿ ಹೊರಟರೆ ಬೆಳಕು ಹರಿಯುವ ಮೊದಲು ಮಾರ್ಕೆಟ್ ಸೇರಬೇಕಿತ್ತು. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಬಂದಿದ್ದು 2009ರಲ್ಲಿ, ಅಪ್ಪನ ಕಾಲದಲ್ಲಿ ಅದಿರಲಿಲ್ಲ. ವಯನಾಡಿನಿಂದ ಕೆಳಗಿಳಿಯುವ ತಾಮರಶ್ಶೇರಿ ಘಾಟಿಯ ಮೇಲ್ತುದಿ, ಲಕ್ಕಿಡಿ ಹತ್ತಿರ ಬಂದ ಕೂಡಲೇ ಕ್ಲೀನರ್ ಹುಡುಗ ಮಾತು ನಿಲ್ಲಿಸುತ್ತಿದ್ದನಂತೆ. ಅಲ್ಲೊಂದು ಮರಕ್ಕೆ ದೆವ್ವವನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದಾರೆ ಅಂತ. ನಾನು ಚಿಕ್ಕವಳಿದ್ದಾಗ ಊಟ ಬಿಟ್ಟರೆ ಅಪ್ಪ ಇದೇ ಕಥೆ ಹೇಳಿ ಹೆದರಿಸುತ್ತಿದ್ದರು.

ಈಗ ಅಪ್ಪನಿಗೆ 74. ಕಣ್ಣಿನ ಆಪರೇಷನ್ ಆದ ಮೇಲೆ ಗಾಡಿ ಓಡಿಸುತ್ತಿಲ್ಲ. "ಒಂದ್ಸಲ ಆ ಘಾಟಿ ಹಗಲಲ್ಲಿ ನೋಡಬೇಕು" ಅಂತ ಹೇಳುತ್ತಲೇ ಇದ್ದರು. ಡಿಸೆಂಬರಿನಲ್ಲಿ ಕರೆದುಕೊಂಡು ಹೋದೆ. ಕಲ್ಪೆಟ್ಟದಲ್ಲಿ ಉಳಿದುಕೊಂಡು, ಅಲ್ಲಿಂದ ಡ್ರೈವರ್ ಸಮೇತ ಕಾರು ಬಾಡಿಗೆಗೆ ತೆಗೆದುಕೊಂಡೆವು. ಲಕ್ಕಿಡಿ, ಅಲ್ಲಿಂದ ಕೆಳಗೆ ಘಾಟಿಯ ಬುಡದಲ್ಲಿರುವ ಅಡಿವಾರಂ, ಮತ್ತೆ ವಾಪಸ್. ಐದು ಗಂಟೆಗೆ 2,200 ರೂಪಾಯಿ.

ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ, ಬುಕಿಂಗಿಗೆ ನಾನು ಜಾಸ್ತಿ ಅಂಕ ಕೊಡಲ್ಲ. ಡ್ರೈವರಿಗೆ ಪೂರ್ತಿ ಅಂಕ.

ಬೆಳಗ್ಗೆ 7ಕ್ಕೆ ಸರಿಯಾಗಿ ಬಂದರು. ಐವತ್ತರ ಆಸುಪಾಸಿನವರು. ಹುಡುಗರಾಗಿದ್ದಾಗ ಮೈಸೂರಿನ ಬೇಕರಿಯಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತೆ. ಅಪ್ಪ ಲಾರಿ ಡ್ರೈವರ್ ಆಗಿದ್ದವರು ಅಂತ ಗೊತ್ತಾದ ಮೇಲೆ, ಅವರನ್ನು ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡರು.

ಲಕ್ಕಿಡಿಯಲ್ಲಿ ಮರದಿಂದ ಸ್ವಲ್ಪ ಮುಂದೆ ಗಾಡಿ ನಿಲ್ಲಿಸಿ ನಡೆಸಿಕೊಂಡು ಹೋದರು. ರಸ್ತೆ ಪಕ್ಕದಲ್ಲೇ ಇದೆ ಮರ. ದಪ್ಪ ಕಬ್ಬಿಣದ ಸರಪಳಿ ಕೊಂಬೆಯಿಂದ ಇಳಿಬಿದ್ದಿದೆ. ಅಪ್ಪ ದೂರವೇ ನಿಂತರು. ಡ್ರೈವರ್ ಹೇಳಿದರು, "ಅಪ್ಪಾ, ಇವನಿಗೊಂದು ಹೆಸರಿದೆ. ಕರಿಂತಂಡನ್."

ಕರಿಂತಂಡನ್ ಪಣಿಯ ಬುಡಕಟ್ಟಿನ ಹುಡುಗ. ದನ ಮೇಯಿಸುತ್ತಾ ಬೆಟ್ಟದ ಕಾಲುದಾರಿಗಳೆಲ್ಲ ಅವನಿಗೆ ಗೊತ್ತಿತ್ತು. ಕೆಳಗಿನಿಂದ ವಯನಾಡಿಗೆ ದಾರಿ ಸಿಗದೆ ಒದ್ದಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರಿಗೆ ಅವನೇ ದಾರಿ ತೋರಿಸಿದ. ಕೆಲಸ ಆದ ಮೇಲೆ, ಹೆಸರು ತನಗೊಬ್ಬನಿಗೇ ಬರಲಿ ಅಂತ ಆ ಎಂಜಿನಿಯರ್ ಅವನನ್ನು ಕೊಂದ. ಆಮೇಲೆ ಘಾಟಿಯಲ್ಲಿ ಒಂದಾದ ಮೇಲೊಂದು ಅಪಘಾತ. ಕೊನೆಗೆ ಮಂತ್ರವಾದಿಯೊಬ್ಬ ಬಂದು ಆತ್ಮವನ್ನು ಈ ಮರಕ್ಕೆ ಕಟ್ಟಿದ. ಮರದ ಜೊತೆ ಸರಪಳಿಯೂ ಬೆಳೆಯುತ್ತೆ ಅಂತ ಅಲ್ಲಿಯವರು ನಂಬುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಕಥೆ ಅಂತಲೂ ಡ್ರೈವರ್ ಬಿಡಿಸಿ ಹೇಳಿದರು.

ನನಗೆ ಇಷ್ಟವಾಗಿದ್ದು ಅವರು ಅಲ್ಲಿಗೇ ನಿಲ್ಲಿಸದೆ ಮುಂದುವರಿದಿದ್ದು. 1792ರಲ್ಲಿ ಟಿಪ್ಪು ಮಲಬಾರನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಮಲಬಾರಿನ ಅರಸ ಪಳಸ್ಸಿ ರಾಜ ವಯನಾಡಿನ ಕಾಡಿನಿಂದ ಬ್ರಿಟಿಷರ ಮೇಲೆ ಯುದ್ಧ ನಡೆಸಿದ, 1805ರಲ್ಲಿ ತೀರಿಕೊಂಡ. ಬೆಟ್ಟದ ಮೇಲಕ್ಕೆ ಬ್ರಿಟಿಷರ ಸೈನ್ಯ ಸಾಗಬೇಕಾದರೆ ದಾರಿ ಬೇಕಲ್ವಾ? ಪಣಿಯರ ಪಾಡು ಬೇರೆಯೇ. ವಯನಾಡಿನ ವಳ್ಳಿಯೂರ್ಕಾವ್ ದೇವಸ್ಥಾನದ ಜಾತ್ರೆಯಲ್ಲಿ ಜಮೀನ್ದಾರರು ದುಡ್ಡು ಕೊಟ್ಟು ಅವರನ್ನು ಜೀತಕ್ಕೆ ಹಿಡಿಯುತ್ತಿದ್ದರು.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಸತ್ತವನನ್ನ ಯಾಕೆ ಕಟ್ಟಿದ್ರು? ಕೊಂದವನನ್ನ ಕಟ್ಟಬೇಕಿತ್ತು." ಡ್ರೈವರ್ ತಲೆಯಾಡಿಸಿದರು. ಆದಿವಾಸಿ ಜನ ಕರಿಂತಂಡನ್ ನೆನಪಿಗೆ ಅಡಿವಾರಂನಿಂದ ಇಲ್ಲಿಯವರೆಗೆ ನಡೆದು ಬರುತ್ತಾರೆ ಅಂದರು. ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಕೈಮುಗಿದರು.

ಒಂಬತ್ತನೇ ತಿರುವಿನ ವ್ಯೂ ಪಾಯಿಂಟಿನಿಂದ ನೋಡಿದರೆ ಕೆಳಗೆ ಬರೀ ಹಸಿರು, ನಡುನಡುವೆ ಮಂಜು, ಅದರೊಳಗೆ ಇದೇ ರಸ್ತೆಯ ತುಂಡುಗಳು. ಒಟ್ಟು ಒಂಬತ್ತು ಹೇರ್‌ಪಿನ್ ತಿರುವು, ಲೆಕ್ಕ ಕೆಳಗಿನಿಂದ ಶುರು. ಇಳಿಯುವಾಗ ಪ್ರತಿ ತಿರುವಿಗೂ ಅಪ್ಪನ ಬಲಗಾಲು ತಾನಾಗೇ ಬ್ರೇಕ್ ಒತ್ತುತ್ತಿತ್ತು. ಅಡಿವಾರಂನಲ್ಲಿ ಸುಲೈಮಾನಿ (ಹಾಲಿಲ್ಲದ ಚಹಾ) ಮತ್ತು ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಎರಡೂ ಬಿಸಿಬಿಸಿ. ಚಿಲ್ಲರೆ ಕೊಡಲು ಹೋದರೆ ಡ್ರೈವರ್ ಬಿಡಲಿಲ್ಲ.

ಹತ್ತುವಾಗ ಆರನೇ ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ ಅಲ್ಲೇ. ಅಪ್ಪ ಇಳಿದು ಹೋಗಿ ಆ ಲಾರಿಯವನ ಜೊತೆ ಆಕ್ಸಲ್ ಬಗ್ಗೆ ಮಾತಾಡಿಕೊಂಡು ಖುಷಿಯಾಗಿದ್ದರು. ಆದರೆ ಕೊನೆಯಲ್ಲಿ ಬುಕಿಂಗ್ ಮಾಡಿಕೊಟ್ಟವರು ವೇಟಿಂಗ್ ಅಂತ 400 ರೂಪಾಯಿ ಜಾಸ್ತಿ ಕೇಳಿದರು. ಮೊದಲೇ ಹೇಳಿರಲಿಲ್ಲ, ಅದು ತಪ್ಪು. ಇನ್ನೊಂದು ಮಾತು ನನಗೆ ನಿಜಕ್ಕೂ ನೋವು ಕೊಟ್ಟಿತು. "ರಾತ್ರಿ ದೆವ್ವದ ಟ್ರಿಪ್ಪೂ ಇದೆ, ಸಖತ್ ಥ್ರಿಲ್" ಅಂತ ಆಸೆ ತೋರಿಸಿದರು. ಕೊಲೆಯಾದ ಹುಡುಗನನ್ನು ಹೀಗೆ ಮಾರಬಾರದು. ದಯವಿಟ್ಟು ಅದಕ್ಕೆ ಹೋಗಬೇಡಿ.

ಊರಿಗೆ ವಾಪಸ್ ಬರುವಾಗ ನಾವೇ ಸುಲ್ತಾನ್ ಬತ್ತೇರಿಯ ಜೈನ ಬಸದಿಗೆ ಹೋದೆವು. ಟಿಪ್ಪು ಮದ್ದುಗುಂಡು ಇಟ್ಟಿದ್ದು ಅಲ್ಲೇ, ಊರಿಗೆ ಬತ್ತೇರಿ (ಇಂಗ್ಲಿಷಿನ ಬ್ಯಾಟರಿ, ಅಂದರೆ ಮದ್ದುಗುಂಡಿನ ನೆಲೆ) ಅನ್ನುವ ಹೆಸರು ಬಂದಿದ್ದೂ ಅದರಿಂದಲೇ. ಅದಕ್ಕೂ ಮೊದಲು ಅಲ್ಲಿದ್ದ ಕನ್ನಡದ ಜೈನರು ಊರನ್ನು ಹನ್ನೆರಡು ಬೀದಿ ಅಂತ ಕರೆಯುತ್ತಿದ್ದರಂತೆ. ಸಮಯ ಇದ್ದರೆ ನೋಡಿ.

ಹೋಗುವವರು ಶನಿವಾರ, ಭಾನುವಾರ ಬಿಟ್ಟು ಹೋಗಿ, ಘಾಟಿಯಲ್ಲಿ ವಾಹನ ವಿಪರೀತ. ವೇಟಿಂಗ್ ಚಾರ್ಜ್ ಎಷ್ಟು ಅಂತ ಮೊದಲೇ ಕೇಳಿ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ, ಅದನ್ನು ನೋಡಿಕೊಂಡು ಹೊರಡಿ. ಮುಂದಿನ ಸಲ ಅಮ್ಮನನ್ನೂ ಕರೆದುಕೊಂಡು ಹೋಗೋಣ, ಅದೇ ಡ್ರೈವರ್ ಇರಲಿ ಅಂತ ಅಪ್ಪ ಹೇಳಿದ್ದಾರೆ. ಅವರ ನಂಬರನ್ನು ಅಪ್ಪ ತಮ್ಮ ಹಳೆಯ ಟ್ರಿಪ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.