3 ಕಿಲೋವ್ಯಾಟ್ ತಾರಸಿ ಸೋಲಾರ್: ಹಗಲು ಪಾಸು, ಸಂಜೆ ಏಳಕ್ಕೆ ಗ್ರಿಡ್ಡೇ ಗತಿ

ಸ್ಥಳ: ದಾವಣಗೆರೆ ನಗರ. ಸಾಮಾನು: 540 ವ್ಯಾಟಿನ ಆರು ಮೋನೊ ಪ್ಯಾನೆಲ್, 3 ಕಿಲೋವ್ಯಾಟ್ ಸಿಂಗಲ್ ಫೇಸ್ ಆನ್‌ಗ್ರಿಡ್ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿಯನ್ನು ಎಸಿಯಾಗಿಸಿ ಲೈನಿಗೆ ಸೇರಿಸುವ ಪೆಟ್ಟಿಗೆ), ಬೆಸ್ಕಾಂ ನೆಟ್ ಮೀಟರ್ (ಒಳಬಂದ, ಹೊರಹೋದ ಯೂನಿಟ್ ಎರಡನ್ನೂ ಅಳೆಯುವುದು). ಬ್ಯಾಟರಿ ಇಲ್ಲ. ಹಲವು ಬೇಸಿಗೆ, ಮಳೆಗಾಲ ದಾಟಿದ ಮೇಲೆ ಕೊಡುವ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕಕ್ಕೆ ಪ್ಯಾನೆಲ್ ಕಾರಣವಲ್ಲ, ತಂತಿ ಕಾರಣ.

"ಸೋಲಾರ್ ಹಾಕಿಸಿದ್ರೆ ಕರೆಂಟ್ ಹೋದ್ರೂ ಚಿಂತೆಯಿಲ್ಲ" ಎಂದು ಹೇಳಿ ಮಾರುವವರು ಈಗಲೂ ಇದ್ದಾರೆ. ನಂಬಬೇಡಿ. ಆನ್‌ಗ್ರಿಡ್ ಇನ್ವರ್ಟರ್ ಲೈನಿನ ವೋಲ್ಟೇಜು, ಫ್ರೀಕ್ವೆನ್ಸಿಗೆ ಹೊಂದಿಕೊಂಡೇ ಓಡುತ್ತದೆ. ಲೈನ್ ಹೋದರೆ ಅದೂ ನಿಲ್ಲುತ್ತದೆ, ನಿಲ್ಲಲೇಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಏಪ್ರಿಲ್ ಮಧ್ಯಾಹ್ನದ ಉರಿಬಿಸಿಲಲ್ಲೂ ಕರೆಂಟು ಹೋದರೆ ಫ್ಯಾನ್ ತಿರುಗುವುದಿಲ್ಲ.

ಉತ್ಪಾದನೆ ವರ್ಷದ ಸರಾಸರಿಗೆ ದಿನಕ್ಕೆ 12 ಯೂನಿಟ್ ಆಸುಪಾಸು. ಫೆಬ್ರವರಿ, ಮಾರ್ಚ್‌ನಲ್ಲಿ 14 ದಾಟುತ್ತದೆ, ಆಷಾಢದ ಮೋಡದಲ್ಲಿ 8ಕ್ಕೆ ಇಳಿಯುತ್ತದೆ. ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎನ್ನುವುದು ಅರ್ಧ ಸತ್ಯ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯ ಸೆಲ್ಲಿಗೆ ಕಟ್ಟಿದ್ದು. ನಮ್ಮ ಬೇಸಿಗೆಯ ತಾರಸಿ ಮೇಲೆ ಸೆಲ್ 65 ಡಿಗ್ರಿ ಮುಟ್ಟುತ್ತದೆ. 25 ದಾಟಿದ ಒಂದೊಂದು ಡಿಗ್ರಿಗೂ ಶೇ 0.35 ನಷ್ಟ ಎಂದು ಹಿಡಿದರೂ ಶೇ 14 ಅಲ್ಲೇ ಹೋಯಿತು. ಅದಕ್ಕೇ ಪ್ಯಾನೆಲ್ಲನ್ನು ತಾರಸಿಗೆ ಅಂಟಿಸಿದಂತೆ ಕೂರಿಸಬಾರದು, ಅಡಿಯಲ್ಲಿ ಗಾಳಿಯಾಡಬೇಕು. ಇಳಿಜಾರು 14-15 ಡಿಗ್ರಿ, ಮುಖ ದಕ್ಷಿಣಕ್ಕೆ.

ಸೋಲಾರ್ ಸೊರಗುವ ಆ ಜೂನ್-ಸೆಪ್ಟೆಂಬರ್‌ನಲ್ಲೇ ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಚೆನ್ನಾಗಿ ತಿರುಗುತ್ತವೆ. ನೈಋತ್ಯ ಮಾರುತ ಮೋಡವನ್ನೂ ತರುತ್ತದೆ, ಗಾಳಿಯನ್ನೂ ತರುತ್ತದೆ. ಸೋಲಾರ್ ಮೇಲೋ ಕಲ್ಲಿದ್ದಲು ಮೇಲೋ ಎಂದು ಜಗಳಕ್ಕಿಳಿಯುವವರು ಯಾವ ತಿಂಗಳು, ಯಾವ ಗಂಟೆ ಎಂಬ ಲೆಕ್ಕವನ್ನು ಬಿಟ್ಟೇ ಮಾತಾಡುತ್ತಾರೆ. ಪಕ್ಕದ ಪಾವಗಡದ ಸೋಲಾರ್ ಪಾರ್ಕು 2,050 ಮೆಗಾವ್ಯಾಟ್, ರಾಯಚೂರಿನ ಶಾಖೋತ್ಪನ್ನ ಕೇಂದ್ರ 1,720. ಕಾಗದದ ಮೇಲೆ ಪಾವಗಡವೇ ದೊಡ್ಡದು, ಸಂಜೆ ಏಳಕ್ಕೆ ಅದು ಸೊನ್ನೆ. ರಾಯಚೂರು ಓಡುತ್ತಿರುತ್ತದೆ, ಆದರೆ ಅದಕ್ಕೂ ತೊಡಕಿದೆ. ಮಧ್ಯಾಹ್ನ ಸೋಲಾರ್ ಉಕ್ಕುವಾಗ ಕಲ್ಲಿದ್ದಲು ಘಟಕವನ್ನು ಪೂರ್ತಿ ಆರಿಸಲು ಬಾರದು; ತಣ್ಣಗಾದ ಬಾಯ್ಲರ್ ಮತ್ತೆ ಹೊತ್ತಿಕೊಳ್ಳಲು ಗಂಟೆಗಟ್ಟಲೆ ಬೇಕು. ಹಾಗಾಗಿ ಶೇ 55ರ ಕನಿಷ್ಠ ಮಟ್ಟಕ್ಕೆ ಇಳಿಸಿ ಸಂಜೆ ಮತ್ತೆ ಏರಿಸುತ್ತಾರೆ. ನಿಮಿಷಗಳಲ್ಲಿ ಏರಬಲ್ಲದ್ದು ಶರಾವತಿಯಂಥ ಜಲವಿದ್ಯುತ್, ಅದೂ ಲಿಂಗನಮಕ್ಕಿಯಲ್ಲಿ ನೀರಿದ್ದರೆ. ನಮ್ಮ ತಾರಸಿಯ ಆರು ಪ್ಯಾನೆಲ್ ಈ ಹಗ್ಗಜಗ್ಗಾಟದ ಹಗಲಿನ ಪಾಲುದಾರರಷ್ಟೇ.

ಇನ್ನು ತಂತಿಯ ಕಥೆ. ಮಧ್ಯಾಹ್ನ 12ರಿಂದ 2ರವರೆಗೆ ಬಿಸಿಲು ಚೆನ್ನಾಗಿದ್ದರೂ ಇನ್ವರ್ಟರ್ ಪದೇಪದೇ ನಿಂತರೆ ಪ್ಯಾನೆಲ್ಲನ್ನು ಬೈಯಬೇಡಿ, ಮೀಟರ್ ಹತ್ತಿರ ವೋಲ್ಟೇಜ್ ಅಳೆಯಿರಿ. ನಿಯಮದ ಪ್ರಕಾರ 230ರ ಶೇ 110, ಅಂದರೆ 253 ವೋಲ್ಟ್ ದಾಟಿದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಬಿಡಿಸಿಕೊಳ್ಳಬೇಕು. ಆಮೇಲೆ ಒಂದೆರಡು ನಿಮಿಷ ಕಾದು ಮತ್ತೆ ಸೇರುತ್ತದೆ, ಮತ್ತೆ ಬೀಳುತ್ತದೆ. ದಿನದ ಒಳ್ಳೆಯ ಎರಡು ಗಂಟೆ ಇದರಲ್ಲೇ ಸೋರಿ ಹೋಗುತ್ತವೆ. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ದೂರದ, ಲೈನಿನ ಕೊನೆಯ ಮನೆಗಳಲ್ಲಿ ಇದು ಜಾಸ್ತಿ. ಹಗಲು ಬೀದಿಯಲ್ಲಿ ಲೋಡ್ ಕಡಿಮೆ. ನಾವು ಹೊರಗೆ ತಳ್ಳುವ 13 ಆಂಪಿಯರ್ ಸಣ್ಣ ತಂತಿಯಲ್ಲಿ ಹಿಮ್ಮುಖ ಹರಿಯುವಾಗ ನಮ್ಮ ತುದಿಯ ವೋಲ್ಟೇಜು ಏರುತ್ತದೆ.

ಮೊದಲು ನಮ್ಮ ಕೈಲಿರುವುದನ್ನು ಸರಿಮಾಡಬೇಕು. ಇನ್ವರ್ಟರ್‌ನಿಂದ ಮೀಟರ್‌ಗೆ 30 ಮೀಟರ್ ದೂರವಿದ್ದು, 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದರೆ ಅಷ್ಟರಲ್ಲೇ ಸುಮಾರು 6 ವೋಲ್ಟ್ ಏರುತ್ತದೆ. 6 ಚದರ ಮಿ.ಮೀ. ಹಾಕಿದರೆ ಎರಡೂವರೆ ವೋಲ್ಟ್‌ಗೆ ಇಳಿಯುತ್ತದೆ. ಎಷ್ಟೋ ಮನೆಗಳ ಕಾಯಿಲೆ ಈ ಮೂರೂವರೆ ವೋಲ್ಟಿನಲ್ಲೇ ವಾಸಿಯಾಗುತ್ತದೆ. ಆಮೇಲೆ ಸರ್ವಿಸ್ ವೈರಿನ ಜಾಯಿಂಟ್, ನ್ಯೂಟ್ರಲ್ ಸಡಿಲವಿದೆಯೇ ನೋಡಿಸಿ. ಅದಕ್ಕೂ ಬಗ್ಗದಿದ್ದರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಹೆಚ್ಚು ಲೋಡ್ ಇರುವ ಫೇಸಿಗೆ ಬದಲಾಯಿಸಲು, ಟಿಸಿಗೆ ಟ್ಯಾಪ್ (ವೋಲ್ಟೇಜ್ ಏರಿಳಿಸುವ ಮೆಟ್ಟಿಲು) ಇದ್ದರೆ ಒಂದು ಮೆಟ್ಟಿಲು ಇಳಿಸಲು ಕೇಳಬೇಕು. ಇನ್ವರ್ಟರಿನ ಸೆಟ್ಟಿಂಗನ್ನೇ 270ಕ್ಕೆ ಏರಿಸಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಅದು ನಿಯಮಕ್ಕೂ ವಿರುದ್ಧ, ನಿಮ್ಮ ಫ್ರಿಜ್ಜಿಗೂ ಹಗೆ. ಅದಕ್ಕಿಂತ ಮಿಕ್ಸಿ, ವಾಷಿಂಗ್ ಮೆಷಿನ್, ನೀರಿನ ಮೋಟರನ್ನು ಮಧ್ಯಾಹ್ನಕ್ಕೆ ತಳ್ಳುವುದು ವಾಸಿ.

ಕೊಳೆಯಲ್ಲಿ ದಾವಣಗೆರೆಯದೇ ಒಂದು ಜಾತಿ ಇದೆ: ಮಂಡಕ್ಕಿ ಭಟ್ಟಿಗಳ ಮಸಿ. ಒಣ ಧೂಳು ಮೊದಲ ಮಳೆಗೆ ಹೋದೀತು, ಜಿಡ್ಡುಮಸಿ ಹೋಗುವುದಿಲ್ಲ. ಭಟ್ಟಿಗಳ ಗಾಳಿ ಬೀಸುವ ಕಡೆಯ ಬಡಾವಣೆಗಳಲ್ಲಿ ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಬೇರೆಡೆ ಮೂರು ವಾರಕ್ಕೊಮ್ಮೆ ತೊಳೆದರೆ ಸಾಕು. ಬೆಳಿಗ್ಗೆ ಏಳರೊಳಗೆ, ಗಾಜು ತಣ್ಣಗಿರುವಾಗ, ಕೋಲಿಗೆ ಕಟ್ಟಿದ ಮೆತ್ತನೆ ಬಟ್ಟೆಯಿಂದ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಬೋರ್ ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಒಮ್ಮೆ ಕೂತರೆ ಉಜ್ಜಿದರೂ ಬಿಡದು. ಕೊನೆಯ ಕೈಗೆ ಮಳೆನೀರೋ ನಲ್ಲಿನೀರೋ ಬಳಸಿ. ಕೆಳಗಿನ ಚೌಕಟ್ಟಿನ ಅಂಚಿನಲ್ಲಿ ಕೆಸರಿನ ಗೆರೆ ಕಟ್ಟುವುದನ್ನು ಬಿಡಬೇಡಿ. ಕೆಳಸಾಲಿನ ಸೆಲ್‌ಗಳು ಮುಚ್ಚಿದರೆ ಪ್ಯಾನೆಲ್ಲಿನ ಆ ಅರ್ಧದ ಕರೆಂಟೇ ಕುಗ್ಗುತ್ತದೆ.

ಚಿತ್ರದುರ್ಗದವರಿಗೆ ಮಸಿಗಿಂತ ಅರ್ಥಿಂಗ್ ದೊಡ್ಡ ತಲೆನೋವು. ಬಂಡೆ ನೆಲದಲ್ಲಿ ಗುಂಡಿ ಇಳಿಯುವುದಿಲ್ಲ, ಕೆಲಸದವರು ಮೊಣಕಾಲುದ್ದ ಅಗೆದು ಮುಚ್ಚಿಬಿಡುತ್ತಾರೆ. ಡಿಸಿ, ಎಸಿ, ಸಿಡಿಲುನಿರೋಧಕ ಮೂರಕ್ಕೂ ಬೇರೆ ಬೇರೆ ಗುಂಡಿ ಇರಬೇಕು, ಬೆಂಟೊನೈಟ್ ಜೇಡಿ ತುಂಬಿಸಬೇಕು, ಅರ್ಥಿಂಗ್ ಅಳೆಯುವ ಮೀಟರ್ ಇಟ್ಟು 5 ಓಮಿನೊಳಗೆ ಬಂದಿದ್ದನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು. ಆಷಾಢದ ಗಾಳಿಗೆ ಕ್ಲಾಂಪ್ ಬೋಲ್ಟುಗಳು ಸಡಿಲಾಗುತ್ತವೆ. ಮೇ ಕೊನೆಗೆ ಒಮ್ಮೆ ಬಿಗಿಸಿ. ಪ್ಯಾನೆಲ್ ವೈರುಗಳನ್ನು ಜೋಡಿಸುವ, ಎರಡು ಕಂಪನಿಯ ಎಂಸಿ4 ಕನೆಕ್ಟರ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದ್ದರೆ ಅಲ್ಲಿ ಕಾದು ಕರಗುತ್ತದೆ, ಬದಲಿಸಿ.

ದುಡ್ಡಿನ ವಿಷಯ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, ದೇಶದಲ್ಲೇ ತಯಾರಾದ ಸೆಲ್ಲಿನ ಪ್ಯಾನೆಲ್ ಇದ್ದರೆ ಮಾತ್ರ. ಒಟ್ಟು ಖರ್ಚು ಒಂದೂಮುಕ್ಕಾಲರಿಂದ ಎರಡು ಲಕ್ಷ ಎಂದು ಹಿಡಿದು, ಸಬ್ಸಿಡಿ ಕಳೆದು, ಯೂನಿಟ್‌ಗೆ 5.80ರ (2025-26ರ) ದರದಲ್ಲಿ ತಿಂಗಳಿಗೆ 350 ಯೂನಿಟ್ ಉಳಿತಾಯ ಹಾಕಿದರೆ ನಾಲ್ಕೈದು ವರ್ಷಕ್ಕೆ ಅಸಲು ಬರುತ್ತದೆ. ನಿಗದಿತ ಶುಲ್ಕ ಮಾತ್ರ ಸೋಲಾರ್ ಇದ್ದರೂ ತಪ್ಪುವುದಿಲ್ಲ, ತಪ್ಪಬಾರದು ಕೂಡ. ರಾತ್ರಿಯಿಡೀ ಆ ಲೈನನ್ನೇ ನೆಚ್ಚಿರುತ್ತೇವಲ್ಲ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಗೆ ಇದರಿಂದ ಉಳಿಯುವುದು ಏನೂ ಇಲ್ಲ. ತಿಂಗಳಿಗೆ 300 ಯೂನಿಟ್ ದಾಟುವವರು, ಮಹಡಿಯಲ್ಲಿ ಬಾಡಿಗೆ ಮನೆಗಳಿದ್ದು ಒಂದೇ ಮೀಟರ್ ಇಟ್ಟವರು, ಕಣ್ಣುಮುಚ್ಚಿ ಅಲ್ಲ, ಮಧ್ಯಾಹ್ನದ ವೋಲ್ಟೇಜ್ ಒಂದು ವಾರ ಬರೆದುಕೊಂಡು ಆಮೇಲೆ ಹಾಕಿಸಬಹುದು. ಅದು 245ರ ಮೇಲೆಯೇ ಇದ್ದರೆ ಮೊದಲು ಸೆಕ್ಷನ್ ಆಫೀಸು, ನಂತರ ಸೋಲಾರ್ ಅಂಗಡಿ.