ಕಮೊಡೋರ್ 64ರಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ: ಆರು ವರ್ಷ ಆಡಿದ ಮೇಲೆ

ಕಮೊಡೋರ್ 64 (ಸಿ64) ಎಂಬತ್ತರ ದಶಕದ ಮನೆ ಕಂಪ್ಯೂಟರ್. ಬೇರೆ ಯಂತ್ರಕ್ಕೆ ಬರೆದ ಪ್ರಿನ್ಸ್ ಆಫ್ ಪರ್ಷಿಯಾ ಆಟವನ್ನು ಅದರಲ್ಲಿ ಓಡುವಂತೆ ಮಾಡಿದ ಆವೃತ್ತಿ, ಅಂದರೆ ಪೋರ್ಟ್, ಇದು. ಇದರ ಜೀವ ಇರುವುದು ಜಾಯ್‌ಸ್ಟಿಕ್ಕಿನ ಒಂದೇ ಒಂದು ಬಟನ್ನಿನಲ್ಲಿ. ರಾಜಕುಮಾರ ಹಾರಿ, ಎದುರಿನ ಕಟ್ಟೆಗೆ ಕಾಲು ಸಿಗದೆ ಬೀಳತೊಡಗಿದ ಕ್ಷಣ ಬಟನ್ ಒತ್ತಿ ಹಿಡಿದಿದ್ದರೆ ಕಲ್ಲಿನ ಅಂಚಿಗೆ ಕೈ ತಾಗುತ್ತದೆ, ಮೈ ತೂಗಾಡುತ್ತದೆ, ಜಾಯ್‌ಸ್ಟಿಕ್ ಮೇಲಕ್ಕೆ ದೂಡಿದರೆ ಹತ್ತಿಕೊಳ್ಳುತ್ತಾನೆ. ಬಟನ್ ಬಿಟ್ಟರೆ ಬೀಳುತ್ತಾನೆ. ಒಂದು ಅಂತಸ್ತಾದರೆ ಏನೂ ಆಗುವುದಿಲ್ಲ, ಎರಡಾದರೆ ಒಂದು ಜೀವ ಹೋಗುತ್ತದೆ, ಮೂರಾದರೆ ಸಾವೇ. ಆರು ವರ್ಷವಾದರೂ ಈ ಹಿಡಿತ ನನಗೆ ಬೇಸರ ತಂದಿಲ್ಲ. ಉಳಿದದ್ದೆಲ್ಲ, ಅಂದರೆ ಚಿತ್ರ, ಬಣ್ಣ, ಸಿಡ್ ಎಂಬ ಧ್ವನಿ ಚಿಪ್ಪಿನ ಸಂಗೀತ, ನೀವು ವಿಡಿಯೊಗಳಲ್ಲಿ ನೋಡಿಯೇ ಇರುತ್ತೀರಿ. ಅದನ್ನು ಬಿಡುತ್ತೇನೆ.

ತೊಂಬತ್ತರ ದಶಕದ ಕಂಪ್ಯೂಟರ್ ಕ್ಲಾಸುಗಳಲ್ಲಿ ಡಾಸ್ ಆವೃತ್ತಿ ಆಡಿ ಬೆಳೆದವರಿಗೆ ಬೆರಳು ಶಿಫ್ಟ್ ಕೀಗೆ ಒಗ್ಗಿರುತ್ತದೆ. ಇಲ್ಲಿ ಅದೇ ಕೆಲಸ ಫೈರ್ ಬಟನ್ನಿನದು: ಒತ್ತಿ ಹಿಡಿದು ಪಕ್ಕಕ್ಕೆ ದೂಡಿದರೆ ಜಾಗ್ರತೆಯ ಹೆಜ್ಜೆ, ಕತ್ತಿ ಹಿರಿದಾಗ ಅದೇ ಬಟನ್ನು ಹೊಡೆತ, ಮೇಲಕ್ಕೆ ದೂಡಿದರೆ ತಡೆ, ಕೆಳಕ್ಕೆ ಎಳೆದರೆ ಕತ್ತಿ ಒರೆಗೆ. ಎರಡು ದಿನದಲ್ಲಿ ಕೈ ಪಳಗುತ್ತದೆ. 'ಮೆಗಾಹಿಟ್' ಎಂಬ ಚೀಟ್ ಪದ ಟೈಪ್ ಮಾಡಿ ಒಳಗೆ ನುಗ್ಗುವ ಅಭ್ಯಾಸ ಇದ್ದವರು ಅದನ್ನು ಮರೆಯಬೇಕು. ಅದು ಡಾಸ್ ಪ್ರಾಂಪ್ಟಿನ ಗುಟ್ಟು. ಇಲ್ಲಿ ಪ್ರಾಂಪ್ಟೇ ಇಲ್ಲ.

ಹಿಡಿತ ಇಷ್ಟು ಕರಾರುವಾಕ್ಕಾಗಿರುವುದಕ್ಕೆ ಕಾರಣವಿದೆ. ಜೋರ್ಡನ್ ಮೆಕ್ನರ್ 1989ರಲ್ಲಿ ಇದನ್ನು ಬರೆದದ್ದು ಆ್ಯಪಲ್ 2ಕ್ಕೆ. ಅದರ ಪ್ರೊಸೆಸರ್ 6502, ಸಿ64ರದ್ದು 6510. ಎರಡೂ ಒಂದೇ ಮನೆತನ, ಸೂಚನೆಗಳೂ ಒಂದೇ. ಪ್ರಕಾಶಕ ಸಂಸ್ಥೆ ಬ್ರೋಡರ್‌ಬಂಡ್ ಸಿ64ಕ್ಕೆ ಆಟವನ್ನು ತರಲೇ ಇಲ್ಲ. 2011ರ ಅಕ್ಟೋಬರಿನಲ್ಲಿ 'ಮಿಸ್ಟರ್ ಸಿಡ್' ಎಂಬ ಹೆಸರಿನ ಹವ್ಯಾಸಿ ಪ್ರೋಗ್ರಾಮರ್ ಆ್ಯಪಲ್ ಡಿಸ್ಕನ್ನೇ ಬಿಡಿಸಿ, ಒಳಗಿನ ಕೋಡನ್ನು ಓದಿ ಅರ್ಥ ಮಾಡಿಕೊಂಡು, ಈ ಕಡೆಗೆ ಸಾಗಿಸಿದರು. ಎಷ್ಟನೇ ಚಿತ್ರದಲ್ಲಿ ಕೈ ಚಾಚಬೇಕು, ಎಷ್ಟು ಹೆಜ್ಜೆ ಓಡಿದ ಮೇಲೆ ಹಾರಬೇಕು ಎಂಬ ಲೆಕ್ಕವೆಲ್ಲ ಹಾಗೆಯೇ ಉಳಿಯಿತು. ನೋಡಿಕೊಂಡು ಹೊಸದಾಗಿ ಬರೆದಿದ್ದರೆ ಆಟ ಹೊರನೋಟಕ್ಕೆ ಇದೇ ಆಗಿರುತ್ತಿತ್ತು, ಬೆರಳಿಗೆ ಬೇರೆ ಆಗಿರುತ್ತಿತ್ತು.

ಸುಲಭದ ಕೆಲಸವೇನೂ ಅಲ್ಲ. ಆ್ಯಪಲ್ ಆವೃತ್ತಿಗೆ 128 ಕೆಬಿ ಮೆಮೊರಿ ಬೇಕು, ಸಿ64ರಲ್ಲಿ ಇರುವುದು 64. ಆ್ಯಪಲ್ ಡಿಸ್ಕಿನ ಬರವಣಿಗೆಯೂ ಮಾಮೂಲಿಯದ್ದಲ್ಲ: ಒಂದು ಟ್ರ್ಯಾಕಿಗೆ 16ರ ಬದಲು 18 ಸೆಕ್ಟರ್ ತುರುಕಿ, 140 ಕೆಬಿಯ ಡಿಸ್ಕಿನಲ್ಲಿ 157.5 ಕೆಬಿ ಹಿಡಿಸಿದ್ದರು. ವೇಗದ ಲೆಕ್ಕದಲ್ಲೂ ಸಿ64 ಹಿಂದೆ. ಆ್ಯಪಲ್ 1.023 ಮೆಗಾಹರ್ಟ್ಸ್, ನಮ್ಮ ಕಡೆಯ ಟಿವಿ ಪದ್ಧತಿಗೆ (ಪಾಲ್) ಮಾಡಿದ ಸಿ64 ಬರೀ 0.985. ಸಾಲದ್ದಕ್ಕೆ ಅದರ ವಿಡಿಯೊ ಚಿಪ್ಪು ಪ್ರತಿ ಚೌಕಟ್ಟಿನಲ್ಲಿ 25 ಗೆರೆಗಳ ಮೇಲೆ ಸುಮಾರು 40 ಸೈಕಲ್‌ನಂತೆ (ಸೈಕಲ್ ಎಂದರೆ ಪ್ರೊಸೆಸರಿನ ಒಂದು ಬಡಿತ) ಪ್ರೊಸೆಸರಿನ ಸಮಯ ಕದಿಯುತ್ತದೆ. ಒಟ್ಟು 19,656ರಲ್ಲಿ ಸಾವಿರದಷ್ಟು, ಅಂದರೆ ನೂರಕ್ಕೆ ಐದು. ಇಷ್ಟಾದರೂ ಆಡುವಾಗ ಕೈಗೆ ಎಳೆದಂತೆ ಅನಿಸುವುದಿಲ್ಲ.

ಮೆಮೊರಿಯ ಕೊರತೆಗೆ ಉತ್ತರ ಈಸಿಫ್ಲ್ಯಾಶ್ ಕಾರ್ಟ್ರಿಜ್. 512 ಕೆಬಿಯ ಎರಡು ಫ್ಲ್ಯಾಶ್ ಚಿಪ್ಪು, ಒಟ್ಟು 1 ಎಂಬಿ, 16 ಕೆಬಿಯ 64 ಬ್ಯಾಂಕುಗಳಾಗಿ ಹಂಚಿದ್ದು. ವಿನ್ಯಾಸ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ಬೋರ್ಡ್ ಮಾಡಿಸಿ ಬೆಸುಗೆ ಹಾಕಿಕೊಳ್ಳಬಹುದು. ನನ್ನ ಸಲಹೆಯೂ ಅದೇ, ಯಾಕೆಂದರೆ ಹೊರದೇಶದಿಂದ ಸಿದ್ಧ ಕಾರ್ಟ್ರಿಜ್ ತರಿಸಿದರೆ ಅಂಚೆ, ಸುಂಕ ಎಲ್ಲ ಸೇರಿ ಬಿಡಿಭಾಗಗಳ ಖರ್ಚನ್ನು ಮೀರುತ್ತದೆ. ಬೋರ್ಡ್ ಮಾಡಿಸುವಾಗ ಮೂರು ಮಾತು ಬರೆದುಕೊಡಿ: ದಪ್ಪ 1.6 ಮಿಮೀ, ಸ್ಲಾಟಿಗೆ ಹೋಗುವ ಅಂಚು ಓರೆಯಾಗಿ ಸವರಿರಬೇಕು, ಆ ಪಟ್ಟಿಗಳಿಗೆ ಚಿನ್ನದ ಲೇಪ ಇರಬೇಕು. ಹಣ ಉಳಿಸಲು ತವರದ ಲೇಪ ಆರಿಸಿಕೊಂಡರೆ ಕರಾವಳಿಯ ಒಂದು ಮಳೆಗಾಲಕ್ಕೇ ಪಟ್ಟಿ ಮಂಕಾಗಿ ಕಪ್ಪು ಪರದೆ ಬರಲು ಶುರು.

ಆಟವನ್ನು ಕಾರ್ಟ್ರಿಜ್ಜಿಗೆ ಬರೆಯುವ ಕ್ರಮ ಹೀಗೆ. ಸಿಆರ್‌ಟಿ ಫೈಲನ್ನು, ಅಂದರೆ ಕಾರ್ಟ್ರಿಜ್ಜಿನ ಪಡಿಯಚ್ಚನ್ನು, ಮೊದಲು ಪಿಸಿಯಲ್ಲಿ ಸಿ64ರಂತೆ ನಟಿಸುವ ವೈಸ್ ಎಮ್ಯುಲೇಟರಿನಲ್ಲಿ ತೆರೆದು ಓಡುತ್ತದೆಯೇ ನೋಡಿ. ಅರ್ಧಂಬರ್ಧ ಡೌನ್‌ಲೋಡ್ ಆದ ಫೈಲು ಚಿಪ್ಪಿಗೆ ಬರೆದ ಮೇಲೆ ಗೊತ್ತಾದರೆ ಒಂದು ಸಂಜೆ ಹಾಳು. ಆಮೇಲೆ ಕಾರ್ಟ್ರಿಜ್ಜಿನ ಸ್ವಿಚ್ಚನ್ನು 'ಡಿಸೇಬಲ್' ಕಡೆಗೆ ಇಟ್ಟು ಯಂತ್ರ ಹಚ್ಚಿ. ಮಾಮೂಲಿ ನೀಲಿ ಪರದೆ ಬರುತ್ತದೆ. ಚಿಪ್ಪಿಗೆ ಬರೆಯುವ ಪ್ರೋಗ್ರಾಮ್ ಈಸಿಪ್ರಾಗ್ ಲೋಡ್ ಮಾಡಿ. ಅದು ಚಿಪ್ಪುಗಳ ಗುರುತು ಓದಿ ತೋರಿಸುತ್ತದೆ. ಎರಡರಲ್ಲಿ ಒಂದು ಸಿಗಲಿಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಬೆಸುಗೆಯ ತಪ್ಪು, ಇಲ್ಲವೇ ಹಳೆಯ ಬೋರ್ಡಿನಿಂದ ಕಿತ್ತು ಹೊಸ ಮುದ್ರೆ ಒತ್ತಿದ ಚಿಪ್ಪು. ಎಸ್‌ಡಿ ಕಾರ್ಡಿನ ಡ್ರೈವ್ ಇದ್ದರೆ ಫೈಲನ್ನು ಹಾಗೆಯೇ ಕೊಡಬಹುದು. ಸಿ64ರ ಹಳೆಯ ಫ್ಲಾಪಿ ಡ್ರೈವ್ 1541ನೇ ಗತಿ ಎನ್ನುವವರು ಪಿಸಿಯಲ್ಲಿ ಈಸಿಸ್ಪ್ಲಿಟ್‌ನಿಂದ ತುಂಡು ಮಾಡಿಕೊಂಡು, ಡಿಸ್ಕ್ ಬದಲಿಸುತ್ತ ಕೂರಬೇಕು. ಬರೆದು ಮುಗಿದ ಮೇಲೆ ಸ್ವಿಚ್ಚು 'ಬೂಟ್' ಕಡೆಗೆ, ರಿಸೆಟ್ ಒತ್ತಿ, ಅಷ್ಟೇ. ಅಲ್ಲಿಂದ ಮುಂದೆ ಕಾಯುವ ಮಾತೇ ಇಲ್ಲ. 1541 ತನ್ನ ಮಾಮೂಲಿ ವೇಗದಲ್ಲಿ ಒಂದು ಡಿಸ್ಕಿನ ಬದಿ ಓದಲು ಏಳೆಂಟು ನಿಮಿಷ ತಿನ್ನುತ್ತದೆ. 60 ನಿಮಿಷದ ಗಡಿಯಾರ ಇಟ್ಟ ಆಟದಲ್ಲಿ ಆ ಕಾಯುವಿಕೆ ಇಲ್ಲದಿರುವುದು ಎಷ್ಟು ದೊಡ್ಡ ಸುಖ ಎಂದು ಡಿಸ್ಕಿನಲ್ಲಿ ಆಟ ಆಡಿದವರಿಗೇ ಗೊತ್ತು.

ದಿನಾ ಮಾಡುವ ಸಣ್ಣ ಪೂಜೆಯೊಂದಿದೆ, ತಪ್ಪಿಸಬೇಡಿ. ಕಮೊಡೋರಿನ ಮೂಲ ಪವರ್ ಸಪ್ಲೈ ಡಬ್ಬಿಯೊಳಗೆ ರಾಳ ಹುಯ್ದು ಮುಚ್ಚಿರುತ್ತಾರೆ, ಬಿಸಿ ಹೊರಗೆ ಹೋಗುವುದಿಲ್ಲ. ವರ್ಷ ಕಳೆದಂತೆ ರೆಗ್ಯುಲೇಟರ್ ಕೈಕೊಟ್ಟು 5 ವೋಲ್ಟಿನ ಗೆರೆ ಮೇಲೇರುತ್ತದೆ, ಮೊದಲು ಸಾಯುವುದು ಮೆಮೊರಿ ಚಿಪ್ಪು. ಯಂತ್ರಕ್ಕೆ ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಸಪ್ಲೈ ಪ್ಲಗ್ಗಿನ 5ನೇ ಪಿನ್ನಿಗೂ 2ನೇ ಪಿನ್ನಿಗೂ ನಡುವೆ ನೋಡಿ. 4.75ರಿಂದ 5.25ರ ಒಳಗಿದ್ದರೆ ಸರಿ. 5.3 ಕಂಡರೆ ಆ ಡಬ್ಬಿಯನ್ನು ಗುಜರಿಗೆ ಹಾಕಿ, ಹೊಸ ಸಪ್ಲೈ ಕೊಳ್ಳಿ. 6 ಮತ್ತು 7ರ ನಡುವಿನದು 9 ವೋಲ್ಟಿನ ಎಸಿ, ಮೀಟರನ್ನು ಎಸಿಗೆ ತಿರುಗಿಸುವುದು ಮರೆಯಬೇಡಿ. ಕಾರ್ಟ್ರಿಜ್ ಹಾಕುವುದು, ತೆಗೆಯುವುದು ಎರಡೂ ಸ್ವಿಚ್ ಆರಿಸಿದ ಮೇಲೇ. ಕವಚವಿಲ್ಲದ ಬೋರ್ಡು ತಿರುಗುಮುರುಗಾಗಿಯೂ ಸ್ಲಾಟಿಗೆ ಹೋಗಿಬಿಡುತ್ತದೆ, ಹಾಗಾಗಿ ಮೇಲ್ಬದಿಗೆ ಬಿಳಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ತಿಂಗಳಿಗೊಮ್ಮೆ ಪಟ್ಟಿಗಳನ್ನು ಐಸೊಪ್ರೊಪೈಲ್ ಅದ್ದಿದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ತಿಕ್ಕುವ ಚಾಳಿ ಬಿಡಿ, ಲೇಪ ಸವೆಯುತ್ತದೆ.

ಪಟ್ಟಿ ಶುಚಿಯಾಗಿದೆ, ವೋಲ್ಟೇಜ್ ಸರಿಯಿದೆ, ಬೇಸಿಕ್‌ನ ನೀಲಿ ಪರದೆ ಚೆನ್ನಾಗಿ ಬರುತ್ತದೆ, ಆದರೆ ಕಾರ್ಟ್ರಿಜ್ ಹಾಕಿದರೆ ಮಾತ್ರ ಕಸಕಸ ಅಕ್ಷರ ಎನ್ನುವವರು ಕಾರ್ಟ್ರಿಜ್ಜನ್ನು ಬೈಯುವ ಮೊದಲು ಯಾವ ಮೆಮೊರಿ ಯಾವಾಗ ಕಾಣಬೇಕೆಂದು ನಿರ್ಧರಿಸುವ ಪಿಎಲ್‌ಎ ಚಿಪ್ಪನ್ನು ಅನುಮಾನಿಸಿ. ಈಸಿಫ್ಲ್ಯಾಶ್ ಶುರುವಾಗುವುದು 'ಅಲ್ಟಿಮ್ಯಾಕ್ಸ್' ಎಂಬ ಮೆಮೊರಿ ಜೋಡಣೆಯಲ್ಲಿ, ಮಾಮೂಲಿ ಬೇಸಿಕ್ ಆ ದಾರಿಯನ್ನು ತುಳಿಯುವುದೇ ಇಲ್ಲ. ಸುಟ್ಟುಹೋದ ಪಿಎಲ್‌ಎ ಬದಲಿಗೆ ಇಪ್ರೊಮ್ ಎಂಬ ಬರೆಯಬಲ್ಲ ಮೆಮೊರಿ ಚಿಪ್ಪು ಬರೆದು ಹಾಕಿರುವ ಯಂತ್ರಗಳಲ್ಲಿ ಇದು ಮಾಮೂಲು: ಸಮಯದ ಸೂಕ್ಷ್ಮ ವ್ಯತ್ಯಾಸಕ್ಕೆ ಕಾರ್ಟ್ರಿಜ್ ಮುಗ್ಗರಿಸುತ್ತದೆ.

ಜಾಯ್‌ಸ್ಟಿಕ್ ಯಂತ್ರದ ಎರಡನೇ ಜಾಯ್‌ಸ್ಟಿಕ್ ಸಾಕೆಟ್ಟಿಗೆ. ಮೈಕ್ರೋಸ್ವಿಚ್ ಇರುವ, ಟಕ್ ಎಂದು ಸದ್ದು ಬರುವಂಥದ್ದೇ ಬೇಕು. ಕೆಲವಕ್ಕೆ ಕೆಳಗಡೆ ಆಟೊಫೈರ್ ಎಂಬ ಪುಟ್ಟ ಸ್ವಿಚ್ ಇರುತ್ತದೆ, ಅದು ಆನ್ ಆಗಿದ್ದರೆ ಬಟನ್ ಒತ್ತಿ ಹಿಡಿದರೂ ಒಳಗೆ ಒತ್ತು-ಬಿಡು ಒತ್ತು-ಬಿಡು ನಡೆಯುತ್ತಿರುತ್ತದೆ. ರಾಜಕುಮಾರ ಅಂಚು ಹಿಡಿದ ಮರುಕ್ಷಣ ಕೈ ಬಿಟ್ಟು ಸಾಯುತ್ತಾನೆ. ಆಟದ ಪೋರ್ಟು ಸರಿಯಿಲ್ಲ ಎಂದು ದೂರುವ ಮೊದಲು ಆ ಸ್ವಿಚ್ಚನ್ನು ನೋಡಿ. ಸೇಗಾ ಮೆಗಾ ಡ್ರೈವ್ ಪ್ಯಾಡಿನ ಪ್ಲಗ್ಗೂ ಇಲ್ಲಿ ಕೂರುತ್ತದೆ, ಆದರೆ ಅಡಾಪ್ಟರ್ ಇಲ್ಲದೆ ಹಾಕಿದರೆ ಕೀಬೋರ್ಡ್ ಓದುವ ಸಿಐಎ ಚಿಪ್ಪಿಗೇ ಕುತ್ತು. ಎಲ್‌ಸಿಡಿ ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿಕೊಳ್ಳಿ. ಚಿತ್ರವನ್ನು ತಿದ್ದಿ ತೀಡುವ ಟಿವಿಯ ತಡವೇ ಹಿಡಿತವನ್ನು ಕೆಡಿಸುತ್ತದೆ.

ಇನ್ನು ನನ್ನ ತಕರಾರು. ಇಷ್ಟು ಒಳ್ಳೆಯ ಮಾಲಿಗೆ ದುಡ್ಡು ಕೊಡೋಣ ಎಂದರೆ ಕೊಡಲು ಯಾರೂ ಇಲ್ಲ. ಪೋರ್ಟು ಬಿಟ್ಟಿ ಸಿಗುತ್ತದೆ, ಪರವಾನಗಿ ಇಲ್ಲ. ಪೋರ್ಟ್ ಬಂದ ಮರುವರ್ಷ, 2012ರ ಮಾರ್ಚಿನಲ್ಲಿ, ಮೆಕ್ನರ್ ಅವರ ತಂದೆಗೆ ಮನೆಯಲ್ಲಿ ಹಳೆಯ ಡಿಸ್ಕುಗಳ ಪೆಟ್ಟಿಗೆ ಸಿಕ್ಕಿತು. ಏಪ್ರಿಲಿನಲ್ಲಿ ಮೆಕ್ನರ್ ಅವುಗಳಿಂದ ಮೂಲ ಕೋಡನ್ನು ಹೊರತೆಗೆಸಿ, ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಹಾಕಿದರು. ಜೊತೆಗೆ ಇಟ್ಟ ಟಿಪ್ಪಣಿ ಓದುವಂತಿದೆ: ಓದಿ, ತಿದ್ದಿ, ಓಡಿಸಲು ನೋಡಿ, ನನ್ನ ಅಡ್ಡಿಯಿಲ್ಲ, ಆದರೆ ಆಟದ ಮೇಲೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ, ಮಾಡಿ ಹಂಚುವ ಹಕ್ಕು ಯೂಬಿಸಾಫ್ಟ್ ಕಂಪನಿ ಒಂದಕ್ಕೇ. ಅಂದರೆ ಬರೆದವನ ಒಪ್ಪಿಗೆ ಒಂದು ಕಡೆ, ಹಕ್ಕುದಾರರ ಪರವಾನಗಿ ಇನ್ನೊಂದು ಕಡೆ. ಆ ಕೋಡಿನಿಂದ 2018ರಲ್ಲಿ ಬಿಬಿಸಿ ಮಾಸ್ಟರ್‌ಗೆ, 2021ರಲ್ಲಿ ಅಟಾರಿ ಎಕ್ಸ್‌ಎಲ್-ಎಕ್ಸ್‌ಇಗೆ, ಹೀಗೆ ಅದೇ ಕಾಲದ ಬೇರೆ ಕಂಪ್ಯೂಟರುಗಳಿಗೂ ಪೋರ್ಟುಗಳು ಬಂದವು. ಅವೂ ಬಿಟ್ಟಿಯೇ. (1984ರ 'ಕ್ಲಾಸ್' ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಎಲ್ಲಾದರೂ ಸಿಕ್ಕಿದರೆ ಆಸೆಪಡಬೇಡಿ. ಮಾಡೆಲ್ ಬಿಯ 32 ಕೆಬಿಗೆ ಇದು ಹಿಡಿಯುವುದಿಲ್ಲ, 128 ಕೆಬಿಯ ಮಾಸ್ಟರೇ ಬೇಕು.)

ಹಕ್ಕುದಾರರು ಕಣ್ಣು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಸಿ64ರಲ್ಲಿ ಉದಾಹರಣೆಗಳಿವೆ. 1987ರ ಗ್ರೇಟ್ ಜಿಯಾನಾ ಸಿಸ್ಟರ್ಸ್ ಮಾರಿಯೊವನ್ನು ತೀರಾ ಹೋಲುತ್ತಿದ್ದುದಕ್ಕೆ ಅಂಗಡಿಗಳಿಂದ ಮರೆಯಾಯಿತು. 2019ರ ಏಪ್ರಿಲಿನಲ್ಲಿ ಸೂಪರ್ ಮಾರಿಯೊ ಬ್ರದರ್ಸ್‌ನ ನಿಜವಾದ ಪೋರ್ಟು ಬಂತು, ಏಳು ವರ್ಷದ ದುಡಿಮೆ. ಕೆಲವೇ ದಿನಗಳಲ್ಲಿ ನಿಂಟೆಂಡೊ ಕಡೆಯಿಂದ ನೋಟಿಸು, ಕೊಂಡಿಗಳು ಕಿತ್ತುಹೋದವು. ಕಾಗದಪತ್ರ ಸರಿಯಿದ್ದ ಕಾಲದಲ್ಲಿ ಡಾಂಕಿ ಕಾಂಗ್ ಸಿ64ಕ್ಕೆ ಎರಡೆರಡು ಸಲ ಬಂದಿತ್ತು, ಒಮ್ಮೆ ಅಟಾರಿಸಾಫ್ಟ್‌ನಿಂದ, ಮತ್ತೊಮ್ಮೆ ಓಶನ್‌ನಿಂದ. ಆಗ ಲಕ್ಷಗಟ್ಟಲೆ ಯಂತ್ರಗಳಿದ್ದವು, ಒಪ್ಪಂದಕ್ಕೆ ಬೆಲೆಯಿತ್ತು. ಈಗ ಕೆಲವು ನೂರು ಕಾರ್ಟ್ರಿಜ್ ಮಾರಲು ಯಾವ ಕಂಪನಿಯ ವಕೀಲ ಕೂತು ಕರಾರು ಬರೆಯುತ್ತಾನೆ? ನನ್ನ ಸಿಟ್ಟು ಅಲ್ಲಿಗೇ ತಣ್ಣಗಾಗುತ್ತದೆ, ಪೂರ್ತಿ ಅಲ್ಲ.

ಹಾಗಾಗಿ ಹರಾಜು ತಾಣಗಳಲ್ಲಿ ಬಣ್ಣದ ಡಬ್ಬಿ, ಹೊಳೆಯುವ ಚೀಟಿ ಅಂಟಿಸಿ ಮಾರುವ ಕಾರ್ಟ್ರಿಜ್ ಕಂಡರೆ ದಾಟಿಹೋಗಿ. ನೀವು ಕೊಡುವ ದುಡ್ಡು ಆಟ ಬರೆದವರಿಗೂ ಇಲ್ಲ, ಪೋರ್ಟ್ ಮಾಡಿದವರಿಗೂ ಇಲ್ಲ, ಹಕ್ಕುದಾರರಿಗೂ ಇಲ್ಲ. ಮಾರಿದ ಮೇಲೆ ಕೇಳುವವರೂ ಇರುವುದಿಲ್ಲ. ಖಾಲಿ ಈಸಿಫ್ಲ್ಯಾಶ್ ಮಾಡಿಕೊಂಡು ಆಟವನ್ನು ನೀವೇ ಬರೆದುಕೊಳ್ಳಿ. ಸಿಆರ್‌ಟಿ ಫೈಲನ್ನು ಎರಡು ಕಡೆ ಉಳಿಸಿ, ಫೈಲು ಕೆಟ್ಟಿಲ್ಲ ಎಂದು ತಾಳೆ ನೋಡುವ ಸಂಖ್ಯೆ, ಚೆಕ್‌ಸಮ್, ಜೊತೆಗೆ. ಇವತ್ತು ಇರುವ ಕೊಂಡಿ ನಾಳೆ ಇರುತ್ತದೆ ಎಂಬ ಭರವಸೆ ಇಂಥ ಆಟಗಳಿಗೆ ಇಲ್ಲ.

ಕೊನೆಗೆ ಆಡುವವರಿಗೆ ಎರಡು ಮಾತು. 12ನೇ ಹಂತದಲ್ಲಿ ನಿಮ್ಮದೇ ನೆರಳು ಕತ್ತಿ ಹಿಡಿದು ಎದುರು ನಿಂತಾಗ ಹೊಡೆಯಬೇಡಿ, ಅದರ ಗಾಯ ನಿಮಗೇ ಆಗುತ್ತದೆ. ಜಾಯ್‌ಸ್ಟಿಕ್ ಕೆಳಕ್ಕೆ ಎಳೆದು ಕತ್ತಿಯನ್ನು ಒರೆಗೆ ಸೇರಿಸಿ, ಅದರತ್ತ ಓಡಿ. ಮೆಮೊರಿ ತುಂಬಿಹೋಗಿ ಹೊಸ ಪಾತ್ರದ ಚಿತ್ರಕ್ಕೆ ಜಾಗವಿಲ್ಲದಾಗ, ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ ಅದರ ಮೇಲೇ ಎಕ್ಸ್‌ಆರ್ ಎಂಬ ಬಿಟ್ ಲೆಕ್ಕ ಮಾಡಿ ಹುಟ್ಟಿಸಿದ ಪಾತ್ರ ಅದು. ಆಟ ಮುಗಿದ ಮೇಲೆ ದಿನಾ ಕಾರ್ಟ್ರಿಜ್ ಕೀಳುವ ಅಗತ್ಯವಿಲ್ಲ. ಸ್ಲಾಟಿನ ಸ್ಪ್ರಿಂಗುಗಳು ಸಡಿಲವಾಗುವುದು ಹಾಗೆ ಕಿತ್ತು ಹಾಕಿಯೇ. ಸ್ವಿಚ್ಚನ್ನು 'ಡಿಸೇಬಲ್'ಗೆ ತಳ್ಳಿ, ಮೇಲೊಂದು ಬಟ್ಟೆ ಹೊದಿಸಿ.